ಸಾಕ್ಷಿಗೆ ಕರೆದ ಮೂಗು

“ತಕ್ಕಡಿ ಬೇಕಾದದ್ದು ಮೂಗು ನೆಟ್ಟಗಿಲ್ಲದವರಿಗೆ,” ಎಂದ ಹೊನ್ನಗುಡ್ಡದ ದೊರೆ ರಣಧೀರನಾಯಕ, ಕರಗಿದ ಜೇನುಮೇಣಕ್ಕೆ ಇನ್ನೊಂದು ಸೌಟು ಕೇದಗೆ ಎಣ್ಣೆ ಸುರಿಯುತ್ತ.

ಹೆಸರು ರಣಧೀರ ಎಂದಿದ್ದರೂ ದೊರೆ ಯುದ್ಧಕ್ಕೆ ಹೋದವನಲ್ಲ. ಬೇಸರ ಕಳೆಯಲು ಪರಿಮಳದ ಮೇಣದಬತ್ತಿ ಮಾಡುವುದನ್ನು ಕಲಿತಿದ್ದ; ಬೇಸರ ಹೋಯಿತು, ಬತ್ತಿ ಹೋಗಲಿಲ್ಲ. ಪರಿಮಳ ಗಾಳಿಗೆ ಹಾರಿಹೋದೀತೆಂದು ದರ್ಬಾರಿನ ಕಿಟಕಿಗಳನ್ನೆಲ್ಲ ಮುಚ್ಚಿಸಿ, ಸಿಂಹಾಸನದ ಪಕ್ಕದಲ್ಲೇ ಒಲೆ ಹೂಡಿಸಿಕೊಂಡಿದ್ದ. ಬಿಡುವಾದಾಗ ರಾಜ್ಯವನ್ನೂ ಅಲ್ಲಿಂದಲೇ ಆಳುತ್ತಿದ್ದ.

ತನ್ನ ಭಟ್ಟಿಯಲ್ಲಿ ಎಣ್ಣೆ ಇಳಿಸಿ ತಂದುಕೊಡುತ್ತಿದ್ದವನು ಅತ್ತರಿನ ಮದಾರಸಾಬ. ಮೊದಲ ದಿನವೇ ಹೇಳಿದ್ದ: “ಖಾವಂದರೇ, ಹತ್ತು ತೊಲ ಮೇಣಕ್ಕೆ ಒಂದು ತೊಲ ಎಣ್ಣೆ. ತೂಗಿಯೇ ಹಾಕಿ. ಮೇಣಕ್ಕೂ ಹೊಟ್ಟೆ ಇದೆ, ಹೆಚ್ಚಾದರೆ ಕಕ್ಕುತ್ತದೆ.”

“ನಿನ್ನ ತಕ್ಕಡಿ ನಿನ್ನ ಅಂಗಡಿಯಲ್ಲಿರಲಿ. ಅಳತೆ ನನ್ನ ಮೂಗಿನಲ್ಲಿದೆ.”

ಆ ಮೂಗು ದಿನೇದಿನೇ ಸಾಲದು, ಸಾಲದು ಎನ್ನತೊಡಗಿತು. ಚಮಚ ಹೋಗಿ ಅಡುಗೆಮನೆಯ ಸೌಟು ಬಂತು. ಬತ್ತಿಗಳು ಮೈಯೆಲ್ಲ ಬೆವರಿದವು. ಹಚ್ಚಿದರೆ ಕರಿಹೊಗೆ ಉಗುಳಿದವು. ಸೇನಾಪತಿ ಬಾಯಲ್ಲಿ ಉಸಿರಾಡುವುದನ್ನು ಅಭ್ಯಾಸ ಮಾಡಿಕೊಂಡ. ನೆರೆರಾಜ್ಯದ ರಾಯಭಾರಿ ಬಂದು ಕೂತಷ್ಟು ಹೊತ್ತೂ ಕಣ್ಣೀರು ಸುರಿಸಿದ. ದೊರೆ ಅದನ್ನು ಸ್ನೇಹ ಎಂದುಕೊಂಡ.

ಯಾರೂ ತುಟಿ ಬಿಚ್ಚಲಿಲ್ಲ. ದೊರೆ ಡಂಗುರ ಸಾರಿಸಿದ್ದ: “ನನ್ನ ಮೂಗು ತಪ್ಪಿತೆಂದು ಹೇಳುವವನ ಮೂಗು ಉಳಿಯುವುದಿಲ್ಲ.”

ಒಂದು ಬೆಳಿಗ್ಗೆ ದೊರೆ ಉರಿಯುವ ಬತ್ತಿಯ ಹತ್ತಿರ ಬಗ್ಗಿ ಮೂಸಿದ. ಮತ್ತೆ ಮೂಸಿದ. ಮುಖ ಕೆಂಪಗಾಯಿತು.

“ವಾಸನೆಯೇ ಇಲ್ಲ! ಎಣ್ಣೆಗೆ ನೀರು ಬೆರೆಸಿದ್ದಾನೆ. ಎಳಕೊಂಡು ಬನ್ನಿ ಅವನನ್ನ!”

ಮದಾರಸಾಬನನ್ನು ತಂದು ನಿಲ್ಲಿಸಿದರು. “ಖಾವಂದರೇ, ನೀರು ಬೆರೆಸಿದ್ದರೆ ಬತ್ತಿ ಚಟಪಟ ಅನ್ನುತ್ತಿತ್ತು.”

“ನನ್ನ ಮೂಗಿಗಿಂತ ನಿನ್ನ ಚಟಪಟ ದೊಡ್ಡದೇನು? ಸಂಜೆಯೊಳಗೆ ಇವನ ಭಟ್ಟಿ ಒಡೆದುಹಾಕಿ. ಹೆಂಡತಿ ಮಕ್ಕಳ ಸಮೇತ ಗಡಿ ದಾಟಿಸಿ.”

ಅಜ್ಜನ ಕಾಲದ ಭಟ್ಟಿ ಅದು. ಮದಾರಸಾಬ ಸೂರಪ್ಪಯ್ಯನ ಕಡೆ ನೋಡಿದ.

ಸೂರಪ್ಪಯ್ಯ ಆಸ್ಥಾನಿಕ. ಅವನ ಕೆಲಸ ಇಂಥದ್ದೇ ಎಂದು ಯಾರಿಗೂ ಗೊತ್ತಿರಲಿಲ್ಲ. ಏನಾದರೂ ತೊಡಕು ಬಂದಾಗ ಮಾತ್ರ ಎಲ್ಲರೂ ಅವನ ಕಡೆಗೇ ನೋಡುತ್ತಿದ್ದರು. ಅವನು ಮೂಗಿಗೆ ಒತ್ತಿಕೊಂಡಿದ್ದ ಉತ್ತರೀಯವನ್ನು ಮರ್ಯಾದೆಗಾಗಿ ಕೆಳಗಿಳಿಸಿ ಎದ್ದುನಿಂತ.

“ಪ್ರಭು, ಮೋಸ ಆಗಿದೆ ಅಂತ ತಮ್ಮ ಮೂಗೇ ಹೇಳಿದ ಮೇಲೆ ಮುಗಿಯಿತು. ಈ ಮೊಕದ್ದಮೆಗೆ ಅದೊಂದೇ ಸಾಕ್ಷಿ. ಆದರೆ ಕಟ್ಟಳೆಯದೊಂದು ಸಣ್ಣ ತೊಂದರೆ.”

“ಯಾವ ಕಟ್ಟಳೆ?”

“ತಾವೇ ಮಾಡಿದ್ದು. ಸಾಕ್ಷಿ ಹೇಳುವವರನ್ನ ಆರೋಪಿಯ ಕಡೆಯವರ ಜೊತೆ ಕೂರಿಸಬಾರದು, ದೂರ ಇಟ್ಟು ಆಮೇಲೆ ಕರೆಸಬೇಕು. ತಮ್ಮ ಮೂಗು ಬೆಳಗಿನಿಂದ ಈ ಬತ್ತಿಗಳ ಜೊತೆಗೇ ಕೂತಿದೆ. ಬತ್ತಿಗಳು ಸಾಕ್ಷಿಯನ್ನ ಒಳಗೆ ಹಾಕಿಕೊಂಡವು ಅಂತ ನಾಳೆ ಯಾರಾದರೂ ಅಂದರೆ?”

“ನನ್ನ ಮೂಗಿಗೆ ಲಂಚವೇ!”

“ಜನರ ಬಾಯಿ, ಪ್ರಭು.”

ತನ್ನದೇ ಕಟ್ಟಳೆ. ದೊರೆ ಗೊಣಗುತ್ತ ಎದ್ದ. “ಎಲ್ಲಿ ಇಡುತ್ತೀಯಪ್ಪ ಇದನ್ನ?”

“ಕೇದಗೆ ಮುಟ್ಟದ ಜಾಗ ಅರಮನೆಯಲ್ಲಿ ಒಂದೇ ಉಳಿದಿದೆ. ಆನೆಲಾಯ.”

ಎಲ್ಲರೂ ಹೊರಗೆ ಬಂದ ಮೇಲೆ ದರ್ಬಾರಿನ ಬಾಗಿಲಿಗೆ ಬೀಗ ಬಿತ್ತು. ಬೀಗದ ಕೈ ದೊರೆಯ ಸೊಂಟಕ್ಕೆ ಸೇರಿತು. ಆನೆಲಾಯಕ್ಕೆ ಹೋದರೆ ಅಲ್ಲಿ ಚಾಪೆ ಹಾಸಿಕೊಂಡು ರಾಣಿ ಲಕುಮಾಂಬೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಹಾಸಿಗೆ, ಪೆಟ್ಟಿಗೆ, ಕನ್ನಡಿ.

“ನೀನು ಯಾವಾಗ ಬಂದೆ ಇಲ್ಲಿಗೆ?”

“ಗೌರಿಹಬ್ಬದ ಮರುದಿನ.”

“ಈಗ ದೀಪಾವಳಿ ಬಂತಲ್ಲೇ!”

“ಬಂತು. ಇಲ್ಲಿ ಗಾಳಿ ಚೆನ್ನಾಗಿದೆ,” ಎಂದಳು ರಾಣಿ. ಪಟ್ಟದಾನೆ ಅದೇ ಹೊತ್ತಿಗೆ ಲದ್ದಿ ಹಾಕಿತು.

ಇಳಿಹೊತ್ತಿನವರೆಗೂ ದೊರೆ ಅಲ್ಲೇ ಕೂತ. ಆಮೇಲೆ ಸೂರಪ್ಪಯ್ಯ ಬಂದು ಕೈಮುಗಿದ. “ಸಾಕ್ಷಿಯವರು ದಯಮಾಡಿಸಬೇಕು.” ಮೂಗು ಮುಂದೆ, ದೊರೆ ಹಿಂದೆ, ಏನಾಗುತ್ತದೋ ನೋಡೋಣವೆಂದು ರಾಣಿ ಅವನ ಹಿಂದೆ.

ದೊರೆ ತಾನೇ ಬೀಗ ತೆಗೆದು ಒಳಗೆ ಕಾಲಿಟ್ಟ. ಅಲ್ಲೇ ನಿಂತ. ಕಣ್ಣಲ್ಲಿ ನೀರು ಬಂತು. ಕೆಮ್ಮು ಬಂತು. ಕಂಬ ಹಿಡಿದುಕೊಂಡ.

“ಅಯ್ಯಯ್ಯಪ್ಪಾ! ಯಾವನಯ್ಯ ಇಲ್ಲಿ ಕೇದಗೆ ಬನಕ್ಕೇ ಬೆಂಕಿ ಇಟ್ಟವನು? ಕಿಟಕಿ ತೆಗೀರೋ!”

“ಸಾಕ್ಷಿ ಹೇಳಿತು,” ಎಂದ ಸೂರಪ್ಪಯ್ಯ. “ಎಣ್ಣೆಯಲ್ಲಿ ನೀರಿದೆಯೇ, ಪ್ರಭು?”

“ನೀರೆಲ್ಲಿಂದ ಬಂತು! ಇದರಲ್ಲಿ ಎಣ್ಣೆ ಬಿಟ್ಟು ಬೇರೇನೂ ಇಲ್ಲ! ಯಾರು ಸುರಿದದ್ದು ಇಷ್ಟೊಂದು?”

“ತಾವೇ, ಬೆಳಿಗ್ಗೆ. ಬೀಗದ ಕೈ ತಮ್ಮ ಹತ್ತಿರವೇ ಇತ್ತು.”

ಬಾಗಿಲ ಬಳಿ ನಿಂತಿದ್ದ ಮದಾರಸಾಬ ನೆಮ್ಮದಿಯ ಉಸಿರುಬಿಟ್ಟ. ಉಳಿದವರು ಉಸಿರು ಹಿಡಿದರು, ಎರಡು ಕಾರಣಗಳಿಗೆ.

ದೊರೆಯ ಧ್ವನಿ ತಗ್ಗಿತು. “ಹಾಗಾದರೆ ಬೆಳಿಗ್ಗೆ ನನ್ನ ಮೂಗು ತಪ್ಪಿತ್ತು ಅನ್ನುತ್ತೀಯಾ, ಸೂರಪ್ಪಯ್ಯ?”

ಸೇನಾಪತಿಯ ಕೈ ತಾನಾಗಿ ತನ್ನ ಮೂಗಿಗೆ ಹೋಯಿತು.

“ತಪ್ಪುವುದುಂಟೇ, ಪ್ರಭು? ಅದು ರಾಜರ ಮೂಗು. ದಿನಾ ಪಕ್ಕದಲ್ಲೇ ಇರುವುದನ್ನ ಗಮನಿಸುವ ರೂಢಿ ಅದಕ್ಕಿಲ್ಲ. ಸಂದೇಹವಿದ್ದರೆ ರಾಣಿಯವರನ್ನ ಕೇಳಿ.”

ದೊರೆ ತಿರುಗಿ ರಾಣಿಯ ಕಡೆ ನೋಡಿದ. ರಾಣಿ ಸೂರಿಗೆ ಹತ್ತಿದ ಮಸಿಯನ್ನು ನೋಡುತ್ತಿದ್ದಳು. ದೊರೆಗೆ ಮೊದಲು ನಾಚಿಕೆಯಾಯಿತು, ಆಮೇಲೆ ನಗು ಬಂತು, ನಗುತ್ತ ಮತ್ತೆ ಕೆಮ್ಮಿದ.

ಭಟ್ಟಿ ಉಳಿಯಿತು. ಸಿಂಹಾಸನದ ಪಕ್ಕಕ್ಕೆ ಮದಾರಸಾಬನ ತಕ್ಕಡಿ ಬಂತು. ಸೌಟು ಅಡುಗೆಮನೆಗೆ ವಾಪಸಾಯಿತು. ಅಲ್ಲಿ ಅಷ್ಟು ದಿನವೂ ಲೋಟದಲ್ಲಿ ಸಾರು ಬಡಿಸುತ್ತಿದ್ದರು.

“ಸೂರಪ್ಪಯ್ಯ, ನಿನಗೆ ಬಹುಮಾನ ಕೊಡಲೇಬೇಕು,” ಎಂದ ದೊರೆ ಸಂತೋಷದಿಂದ. “ಈವರೆಗೆ ಮಾಡಿದ ಬತ್ತಿಗಳೆಲ್ಲ ನಿನ್ನವೇ. ಮನೆಗೆ ತೆಗೆದುಕೊಂಡು ಹೋಗು.”

ಸೂರಪ್ಪಯ್ಯ ಬೆವರುತ್ತಿದ್ದ ಬತ್ತಿಗಳ ರಾಶಿಯನ್ನೊಮ್ಮೆ ನೋಡಿ, ನೆಲ ಮುಟ್ಟುವಂತೆ ಬಾಗಿದ.

“ಮಹಾಪ್ರಸಾದ, ಪ್ರಭು. ಜೊತೆಗೆ ಆನೆಲಾಯದಲ್ಲಿ ನನ್ನ ಸಂಸಾರಕ್ಕೂ ಒಂದಿಷ್ಟು ಜಾಗ ದಯಪಾಲಿಸಬೇಕು.”