ಬಟ್ಟೆ ತುರುಕಿದ ಗಂಟೆ

ಕಲ್ಲುಗುಡ್ಡದ ಮೇಲೊಂದು ಮಠ. ಮಠ ಅಂದರೆ ಎರಡು ಕೋಣೆ, ಒಂದು ಬೇವಿನ ಮರ, ಮರದ ಕೆಳಗೆ ನಿರ್ವಾಣಪ್ಪನವರು. ಅಷ್ಟೇ, ಹೆಚ್ಚಿಗೆ ಏನೂ ಹುಡುಕಬೇಡಿ.

ದಿನಾ ಬೆಳಿಗ್ಗೆ ಗುಡ್ಡದ ಕೆಳಗಿನ ಊರಿಂದ ಭಿಕ್ಷೆ ತರುವುದು ಆ ಮಠದ ಪದ್ಧತಿ. ಜೋಳಿಗೆ ಹೊತ್ತವರು ಬಾಯಿ ಬಿಟ್ಟು ಕೇಳುವಂತಿಲ್ಲ. ಕೈಯಲ್ಲೊಂದು ಹಿತ್ತಾಳೆ ಗಂಟೆ. ಬಾಗಿಲ ಮುಂದೆ ನಿಂತು ಬಾರಿಸಬೇಕು, ಕೊಟ್ಟದ್ದನ್ನು ತರಬೇಕು.

ಬಹಳ ವರ್ಷ ಅಪ್ಪನವರೇ ಹೋಗಿಬರುತ್ತಿದ್ದರು. ಮೊಣಕಾಲು ಹೇಳಿದ ಮಾತು ಕೇಳದಂತಾದ ಮೇಲೆ ಜೋಳಿಗೆಯೂ ಗಂಟೆಯೂ ಶಿಷ್ಯ ಶರಭಯ್ಯನ ಪಾಲಿಗೆ ಬಂದವು.

ಶರಭಯ್ಯ ಒಳ್ಳೆಯವನು. ಓದಿಕೊಂಡಿದ್ದ, ಸೊಗಸಾಗಿ ಹಾಡುತ್ತಿದ್ದ, ಪಾತ್ರೆಗಳನ್ನು ಫಳಫಳ ಅನ್ನುವ ಹಾಗೆ ಬೆಳಗುತ್ತಿದ್ದ. ಆದರೆ ಹಲ್ಲಿರುವ ಪ್ರಾಣಿ ಯಾವುದು ಕಂಡರೂ ಅವನ ಜೀವ ಬಾಯಿಗೆ ಬರುತ್ತಿತ್ತು.

ಊರಿಗೆ ಎರಡು ದಾರಿ. ಕುರುಚಲು ಗಿಡಗಳ ನಡುವಿನ ಒಳದಾರಿ ಹತ್ತಿರದ್ದು, ಆದರೆ ಅಲ್ಲಿ ತೋಳ ಓಡಾಡುತ್ತದೆ ಎಂದು ಕುರಿಗಾಹಿಗಳು ಹೇಳುತ್ತಿದ್ದರು. ಬಂಡಿದಾರಿಯಲ್ಲಿ ತೋಳದ ಸುದ್ದಿಯಿಲ್ಲ, ಆದರೆ ಅದು ಮುಗಿಯುವ ಜಾಗದಲ್ಲೇ ಊರ ನಾಯಿಗಳ ಠಾಣೆ.

"ಅಪ್ಪಾರ, ತೋಳ ಹೆಚ್ಚು ಅಪಾಯನೋ, ನಾಯಿ ಹೆಚ್ಚು ಅಪಾಯನೋ?" ಶರಭಯ್ಯ ಒಂದು ದಿನ ಕೇಳಿದ.

"ತೋಳ ನಿನ್ನ ಕಂಡರ ಏನ್ ಮಾಡ್ತೈತಿ?"

"ಗೊತ್ತಿಲ್ಲರಿ."

"ನಾಯಿ?"

"ಅದು ಚಲೋ ಗೊತ್ತೈತ್ರಿ!"

"ಹಂಗಾರ ಗೊತ್ತಿಲ್ಲದ್ದಕ್ಕ ಅಂಜ್ತಿಯೋ, ಗೊತ್ತಿದ್ದದ್ದಕ್ಕ ಅಂಜ್ತಿಯೋ?"

ಶರಭಯ್ಯ ಪ್ರಾಮಾಣಿಕವಾಗಿ ಯೋಚಿಸಿದ. "ಎರಡಕ್ಕೂ ಅಂಜ್ತೀನ್ರಿ ಅಪ್ಪಾರ."

"ಭೇದಭಾವ ಇಲ್ಲದವ ನೀನು," ಎಂದು ಅಪ್ಪನವರು ನಕ್ಕರು. "ಹೋಗಿ ಬಾ, ಹೊತ್ತಾತು."

ದಾರಿಯಲ್ಲಿ ಶರಭಯ್ಯನಿಗೊಂದು ಉಪಾಯ ಹೊಳೆಯಿತು. ಸದ್ದಾದರೆ ತಾನೆ ನಾಯಿ ಏಳುವುದು? ಉಟ್ಟಿದ್ದ ಹಳೆಯ ಪಂಚೆಯ ಚೂರು ಹರಿದು ಗಂಟೆಯೊಳಗೆ ತುರುಕಿದ. ಬೆಕ್ಕಿನ ಹೆಜ್ಜೆ ಇಡುತ್ತಾ ಊರು ಹೊಕ್ಕ.

ಬಾಗಿಲಲ್ಲಿ ಯಾರಾದರೂ ಕಂಡರೆ ಭಿಕ್ಷೆ ಸಿಕ್ಕಿತು. ಕಾಣದ ಕಡೆ ತುಸು ನಿಂತು ಮುಂದೆ ಹೋದ. ನಾಯಿಗಳೇನು ಮಲಗಿಯೇ ಇದ್ದವೆ? ಮೊದಲು ದೂರ ನಿಂತು ಬೊಗಳುತ್ತಿದ್ದಂಥವು ಈಗ ಹಿಮ್ಮಡಿಗೇ ಬಂದವು. ಓಣಿಯ ಕೊನೆಯ ಮನೆ ಸಂಕವ್ವನದು. ಅಲ್ಲಿನ ಕೆಂಚ ಎಂಬ ನಾಯಿ ಅವನನ್ನು ಮನೆ ಮುಟ್ಟಗೊಡದೆ ಅರ್ಧ ಓಣಿಯಿಂದಲೇ ಹಿಂದಕ್ಕೆ ಅಟ್ಟಿತು. ಪಂಚೆ ಇನ್ನೊಂದಿಷ್ಟು ಹರಿಯಿತು.

ಅಪ್ಪನವರು ಜೋಳಿಗೆ ಬಿಚ್ಚಿ ನೋಡಿದರು. "ಸಂಕವ್ವನ ರೊಟ್ಟಿ ಎಲ್ಲಿ?"

"ಬಾಗಿಲು ಹಾಕಿತ್ತರಿ."

"ಹೌದಾ," ಎಂದರು.

ಮರುದಿನವೂ ಬಾಗಿಲು ಹಾಕಿತ್ತು. ಅದರ ಮರುದಿನವೂ ಹಾಕಿತ್ತು. ಅಪ್ಪನವರು ಪ್ರತಿಸಲವೂ "ಹೌದಾ" ಎಂದರು. ಆ ಒಂದು ಮಾತು ಶರಭಯ್ಯನಿಗೆ ಅನ್ನದಲ್ಲಿನ ಕಲ್ಲಿನಂತಾಯಿತು. ನಾಯಿಗೆ ಹೆದರಿ ಗುರುವಿನ ಮುಂದೆ ಸುಳ್ಳು ಹೇಳುವ ತಾನೂ ಒಬ್ಬ ಶಿಷ್ಯನೆ? ನಾಳೆ ಜೋಳಿಗೆ ಒಪ್ಪಿಸಿ, ಪಾದಕ್ಕೆ ಬಿದ್ದು, ಹುಟ್ಟಿದೂರಿಗೆ ಹೋಗಿಬಿಡುವುದೆಂದು ನಿಶ್ಚಯಿಸಿದ.

ಅಂದು ಸಂಜೆ ಸಂಕವ್ವ ತಾನೇ ಗುಡ್ಡ ಹತ್ತಿ ಬಂದಳು. ಮುದುಕಿಗೆ ಕಣ್ಣು ಮಂಜು, ಕೈಯಲ್ಲಿ ಕೋಲು, ಪಕ್ಕದಲ್ಲಿ ಕೆಂಚ. ಶರಭಯ್ಯ ಕಂಬದ ಹಿಂದಕ್ಕೆ ಸರಿದ. ಕೆಂಚ ಕಂಬದ ಕಡೆ ನೋಡಿ ಗುರ್ ಎಂದಿತು.

"ಯಪ್ಪಾ, ನನ್ನಿಂದ ಏನ್ ತಪ್ಪಾತು?" ಸಂಕವ್ವ ಕೂತವಳೇ ಕೇಳಿದಳು. "ಮೊದಲನೇ ಮನಿ ಮುಂದ ಗಂಟಿ ಕೇಳಿದ ಕೂಡಲೆ ನಾ ಒಲಿ ಹಚ್ಚತಿದ್ದೆ. ನಮ್ಮ ಮನಿ ತನಕ ಬರೂದ್ರಾಗ ರೊಟ್ಟಿ ಬಡದು ಬಿಸಿ ಬಿಸಿ ಕೊಡತಿದ್ದೆ. ಈಗ ಗಂಟೀನ ಇಲ್ಲ. ನನ್ನ ರೊಟ್ಟಿ ಮಠಕ್ಕ ಬ್ಯಾಡಾತೇನ್ರಿ? ನನಗೊಬ್ಬಾಕಿಗೆ ಒಲಿ ಹಚ್ಚಾಕ ಮನಸ ಬರವಲ್ದು."

ಶರಭಯ್ಯ ಕಂಬಕ್ಕೆ ಹಣೆ ಒತ್ತಿ ನಿಂತ.

"ಮ್ಯಾಲ ಕಳ್ಳರ ಕಾಟ ಬ್ಯಾರೆ," ಮುದುಕಿ ಮುಂದುವರಿಸಿದಳು. "ದಿನಾ ಮುಂಜಾನೆ ಯಾವನೋ ಸದ್ದಿಲ್ಲದ ಓಣಿಯಾಗ ಬರ್ತಾನಂತ. ನಮ್ಮ ಕೆಂಚ ಅವನ ಧೋತ್ರ ಹರದು ಓಡಿಸೇತಿ ನೋಡ್ರಿ!"

ಅಪ್ಪನವರು ಶರಭಯ್ಯನ ಪಂಚೆಯ ಕಡೆ ನೋಡಲಿಲ್ಲ. ಗೂಟದಲ್ಲಿದ್ದ ಗಂಟೆ ಇಳಿಸಿ ಅಲುಗಿಸಿದರು. ಸದ್ದಿಲ್ಲ. ಬೆರಳು ಹಾಕಿ ಬಟ್ಟೆಯ ಚೂರು ಎಳೆದು, ಮಡಚಿ, ಮೆಲ್ಲಗೆ ಶರಭಯ್ಯನ ಕೈಯಲ್ಲಿಟ್ಟರು.

"ಗಂಟಿಗೆ ಗಂಟಲ ಕಟ್ಟಿತ್ತು ಸಂಕವ್ವ. ನೆಗಡಿ. ಈಗ ಆರಾಮ ಆತು."

ಒಮ್ಮೆ ಬಾರಿಸಿದರು. ಕೆಂಚನ ಕಿವಿ ನೆಟ್ಟಗಾದವು. ಗುರುಗುಡುವುದು ನಿಂತಿತು. ಬಾಲ ನೆಲದ ಧೂಳನ್ನೆಲ್ಲ ಗುಡಿಸತೊಡಗಿತು.

"ಶರಭಯ್ಯಾ, ಜೋಳಿಗಿ, ಗಂಟಿ ತಗೋ. ಅವ್ವನ್ನ ಮನಿ ಮುಟ್ಟಿಸಿ ಬಾ."

"ಒಳದಾರಿಲೆ ಹೋಗೂಣ್ರಿ ಮರಿದೇವ್ರ," ಎಂದಳು ಸಂಕವ್ವ. "ಬಂಡಿದಾರಿ ಸುತ್ತಾಕ ನನ್ನ ಕಾಲು ಒಲ್ಲೆ ಅಂತಾವು."

ಶರಭಯ್ಯ ಗುರುಗಳ ಮುಖ ನೋಡಿದ. ಅವರು ಆಗಲೇ ಕಣ್ಣು ಮುಚ್ಚಿ ಕೂತಿದ್ದರು.

ಒಳದಾರಿ ಅರ್ಧ ಸವೆದಿರಬೇಕು. ಹೊತ್ತು ಮುಳುಗಲು ಸ್ವಲ್ಪವೇ ಇತ್ತು. ಕೆಂಚ ಇದ್ದಕ್ಕಿದ್ದಂತೆ ನಿಂತಿತು. ಮುಂದಿನ ಬಂಡೆಯ ಮೇಲೆ, ಬಂಡೆಯದೇ ಬಣ್ಣದ ತೋಳವೊಂದು ನಿಂತು ನೋಡುತ್ತಿತ್ತು.

ಶರಭಯ್ಯನಿಗೆ ಓಡಬೇಕೆನಿಸಿತು. ಆದರೆ ಅವನ ರಟ್ಟೆಯ ಮೇಲೆ ಮುದುಕಿಯ ಕೈಯಿತ್ತು. ಅಷ್ಟರಲ್ಲಿ ಕಾಲಿಗೆ ಏನೋ ಬೆಚ್ಚಗೆ ಒತ್ತಿಕೊಂಡಿತು. ಬಗ್ಗಿ ನೋಡಿದರೆ ಕೆಂಚ! ಓಣಿಯ ಹುಲಿಯಂತಿದ್ದದ್ದು ಬಾಲ ಮುದುರಿ, ಅವನ ಹರಿದ ಪಂಚೆಯೊಳಗೆ ಮೂತಿ ತೂರಿಸಿ ನಡುಗುತ್ತಿತ್ತು.

"ನೀನೂನಾ?" ಎಂದ ಶರಭಯ್ಯ, ಪಿಸುಮಾತಿನಲ್ಲಿ.

ಎಡಗೈಯಿಂದ ಅದರ ತಲೆ ಸವರಿದ. ಬಲಗೈಯಲ್ಲಿ ಗಂಟೆ ಎತ್ತಿದ. ಬಾರಿಸಿದನೋ, ಅದು ತಾನಾಗಿ ಮೊಳಗಿತೋ, ಗುಡ್ಡವೆಲ್ಲ ಠಣಠಣ ಎಂದಿತು.

ತೋಳ ಇನ್ನೂ ತುಸು ನೋಡಿತು. ಆಮೇಲೆ ಏನೋ ಕೆಲಸ ನೆನಪಾದ ಹಾಗೆ ತಿರುಗಿ, ಅವಸರವಿಲ್ಲದೆ ಬಂಡೆ ಇಳಿದು ಹೋಯಿತು.

"ಇಲ್ಲ್ಯಾಕ ಬಾರಸ್ತೀರಿ ಮರಿದೇವ್ರ?" ಮಂಜುಗಣ್ಣಿನ ಸಂಕವ್ವ ಗದರಿದಳು. "ನಾ ಇನ್ನೂ ಮನೀನ ಮುಟ್ಟಿಲ್ಲ, ಒಲಿ ಹೆಂಗ ಹಚ್ಚಲಿ?"

ಶರಭಯ್ಯನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಮನಿ ಮುಂದ ಇನ್ನೊಮ್ಮೆ ಬಾರಸ್ತೀನವ್ವ. ನೀವು ಸಾವಕಾಶ ನಡೀರಿ."

ಮನೆಯ ಮುಂದೆ ಇನ್ನೊಮ್ಮೆ ಬಾರಿಸಿದ. ಒಲೆ ಹೊತ್ತಿತು. ರೊಟ್ಟಿ ಬಡಿಯುವ ಪಟಪಟ ಸದ್ದು ಓಣಿಗೆಲ್ಲ ಕೇಳಿಸಿತು. ಅವನು ಹೊಸ್ತಿಲ ಹೊರಗೆ ಕಾದು ಕೂತ. ಕೆಂಚ ಅವನ ಪಾದದ ಮೇಲೆ ಗದ್ದ ಊರಿ ಮಲಗಿತು.

ಮಠಕ್ಕೆ ಮರಳಿದಾಗ ಅಪ್ಪನವರು ಬೇವಿನ ಮರದ ಕೆಳಗೆ ಎದ್ದು ನಿಂತು ದಾರಿ ಕಾಯುತ್ತಿದ್ದರು. ಶರಭಯ್ಯ ಜೋಳಿಗೆ ಬಿಚ್ಚಿ ರೊಟ್ಟಿಯನ್ನು ಅವರ ಮುಂದಿಟ್ಟ. ಇನ್ನೂ ಬೆಚ್ಚಗಿತ್ತು.

"ಬಾಗಿಲು ಹಾಕಿರಲಿಲ್ಲರಿ ಅಪ್ಪಾರ. ಒಂದಿನಾನೂ ಹಾಕಿರಲಿಲ್ಲ."

"ಹೌದಾ," ಎಂದರು ಅಪ್ಪನವರು. "ಮತ್ತ, ತೋಳ ಹೆಚ್ಚೋ, ನಾಯಿ ಹೆಚ್ಚೋ?"

"ಅದನ್ನ ನೋಡಾಕ ಆಗಲಿಲ್ಲರಿ. ತೋಳ ಬಂದಿತ್ತು. ಗಂಟಿ ಸದ್ದು ಮಾಡ್ತು. ತೋಳ ಹೋತು, ನಾಯಿ ಉಳೀತು."

"ಅಂಜಿಕಿ?"

ಶರಭಯ್ಯ ತಲೆ ತಗ್ಗಿಸಿದ. "ಅದೂ ಉಳದೈತ್ರಿ. ನಾ ಈ ಗಂಟಿಗೆ ತಕ್ಕವ ಅಲ್ಲರಿ ಅಪ್ಪಾರ. ಹಿಡಕೊಂಡಿದ್ದ ಕೈ ಗಡಗಡ ಅಲುಗತಿತ್ತು."

ಅಪ್ಪನವರು ರೊಟ್ಟಿ ಮುರಿದು ದೊಡ್ಡ ಚೂರನ್ನು ಅವನ ಕೈಗಿಟ್ಟರು.

"ಅಲ್ಲೋ ತಮ್ಮಾ, ಅಲುಗದ ಕೈಯಾಗ ಗಂಟಿ ಎಂದಾದರೂ ಸದ್ದು ಮಾಡೀತೇನು?"