ಬರಿಗೈಯಲ್ಲಿ ಹೊರಡದ ಎಳೆಗಳು

ನಿನ್ನನ್ನು ತೌಡು ಕೊಟ್ಟು ತಂದದ್ದು, ಅದಕ್ಕೇ ನೀನು ನಮ್ಮ ಥರ ಇಲ್ಲ ಅಂತ ಅಕ್ಕ ರೇಗಿಸಿದಳಾ ಪಾರೂ? ಅವಳ ಬಾಯಿಗೆ ಬೀಗ ಹಾಕಬೇಕು. ಕಣ್ಣೊರೆಸಿಕೋ, ಈ ಅಜ್ಜಿ ಕುಂಬಳದ ಕತೆ ಹೇಳುತ್ತಾಳೆ.

ಭೂಮಿಯ ಮಣ್ಣು ಇನ್ನೂ ಆರದೆ ಇದ್ದ ಕಾಲ. ಕುಂಬಳದ ಬಳ್ಳಿಯ ಮೈತುಂಬ ಕಣ್ಣಿಗೆ ಕಾಣದಷ್ಟು ಪುಟ್ಟ ಮನೆಗಳು. ಜೀವಕೋಶ ಅನ್ನುತ್ತಾರೆ. ಪ್ರತಿ ಮನೆಯಲ್ಲೂ ಜೋಡಿ ಜೋಡಿ ಎಳೆಗಳು. ಜೋಡಿಯಲ್ಲಿ ಒಂದು ಅಮ್ಮನ ಕಡೆಯದು, ಒಂದು ಅಪ್ಪನ ಕಡೆಯದು. ಕಾಯಿಯ ಬಣ್ಣ, ಆಕಾರ, ರುಚಿ ಎಲ್ಲ ಆ ಎಳೆಗಳಲ್ಲೇ ಇರುತ್ತಿತ್ತು.

ಗಂಡು ಹೂವಿನ ಎಳೆಗಳೆಲ್ಲ ಹೆಣ್ಣು ಹೂವಿನ ಎಳೆಗಳ ಜೊತೆ ಬೀಜದಲ್ಲಿ ಸೇರುತ್ತಿದ್ದವು. ಹಾಗೆ ತಲೆಮಾರಿನಿಂದ ತಲೆಮಾರಿಗೆ ಎರಡು ನಾಲ್ಕಾಯಿತು. ನಾಲ್ಕು ಎಂಟಾಯಿತು. ಎಂಟು ಹದಿನಾರಾಯಿತು. ಮನೆಯೊಳಗೆ ಕಾಲಿಡಲು ಜಾಗವಿಲ್ಲ.

"ಇನ್ನೊಂದು ಸಲ ಹೆಚ್ಚಿದರೆ ಬೀಜ ಒಡೆದುಹೋಗುತ್ತೆ. ನನ್ನ ವಂಶ ಇಲ್ಲಿಗೇ ಮುಗೀತು!" ಬಳ್ಳಿ ಚಡಪಡಿಸಿತು.

ಕೂತಲ್ಲಿ ಕೂರದ ಗಾಳಿ ಹೇಳಿತು, "ಅರ್ಧ ಎಳೆಗಳನ್ನು ಮಾತ್ರ ಕಳಿಸು. ಜೋಡಿಯಲ್ಲಿ ಒಂದು ಆ ಕಡೆ, ಒಂದು ಈ ಕಡೆ."

ಗಂಡು ಹೂವಿನ ಬಾಗಿಲಲ್ಲಿ ಜೇನುಹುಳ ಗುಂಯ್‌ಗುಟ್ಟಿತು. "ಬೇಗ! ಬೇಗ! ಬಿಸಿಲೇರಿದರೆ ಹೂ ಮುಚ್ಚುತ್ತೆ!"

ಎಳೆಗಳು ಗಡಿಬಿಡಿಯಲ್ಲಿ ಎದ್ದವು. ಒಂದೊಂದೂ ತನ್ನದೇ ನಕಲು ಮಾಡಿ ಮೈಗೆ ಕಟ್ಟಿಕೊಂಡಿತು, ಸುರುಳಿ ಸುತ್ತಿ ಗಿಡ್ಡವಾಯಿತು. ಆದರೆ ಜೋಡಿಗಳು ತಬ್ಬಿಕೊಂಡವು, ಬಿಡಲೇ ಇಲ್ಲ. ಪಾಪ, ಹುಟ್ಟಿದಂದಿನಿಂದ ಜೊತೆಗಿದ್ದವಲ್ಲ!

"ಬೇಗ! ಬೇಗ!" ಜೇನುಹುಳ ಮತ್ತೆ ಕೂಗಿತು.

"ನೆರೆಮನೆಯ ಪಾತ್ರೆಯನ್ನೇ ಖಾಲಿ ಕಳಿಸಬಾರದು ಅಂತಾರೆ. ನಿನ್ನನ್ನು ಬರಿಗೈಲಿ ಹೇಗೆ ಕಳಿಸಲಿ?" ಅಂದಿತು ಅಮ್ಮನ ಕಡೆಯ ಎಳೆ. ತನ್ನ ಮೈಯ ಒಂದು ತುಂಡು ಮುರಿದು ಕೊಟ್ಟಿತು.

"ಹಾಗಾದರೆ ನನ್ನದೂ ಹಿಡಿ," ಅಂದಿತು ಅಪ್ಪನ ಕಡೆಯದು. ಎಲ್ಲ ಜೋಡಿಗಳೂ ಹಾಗೇ ಮಾಡಿದವು.

ಆಮೇಲೆ ಅವು ಮನೆಯ ನಡುವೆ ಸಾಲಾಗಿ ನಿಂತವು. ಕಣ್ಣು ಮುಚ್ಚಿ ಕೈಬಿಟ್ಟವು. ಒಂದು ಆ ಕಡೆ, ಒಂದು ಈ ಕಡೆ. ಒಂದು ಮನೆ ಎರಡಾಯಿತು. ಮೈಗೆ ಕಟ್ಟಿಕೊಂಡಿದ್ದ ನಕಲುಗಳೂ ಬೇರಾಗಿ, ಎರಡು ಮನೆ ನಾಲ್ಕಾಯಿತು. ನಾಲ್ಕರಲ್ಲೂ ಮೊದಲಿನ ಅರ್ಧದಷ್ಟೇ ಎಳೆಗಳು. ಹೆಣ್ಣು ಹೂವಿನಲ್ಲೂ ಹೀಗೇ ನಡೆದಿತ್ತು.

ಗಂಡು ಹೂವಿನ ಆ ಮನೆಗಳು ಪರಾಗವಾದವು, ಜೇನುಹುಳ ಅದನ್ನು ಹೊತ್ತು ಹಾರಿತು. ಹೆಣ್ಣು ಹೂ ಮುಚ್ಚುವ ಮೊದಲೇ ಒಳಗೆ ನುಗ್ಗಿತು. ಅರ್ಧಕ್ಕೆ ಅರ್ಧ ಸೇರಿತು. ಒಂದು ಎಳೆಯೂ ಹೆಚ್ಚಲಿಲ್ಲ, ಬೀಜ ಒಡೆಯಲಿಲ್ಲ. ಬಳ್ಳಿ ಉಸಿರು ಬಿಟ್ಟಿತು.

ಆ ತುಂಡುಗಳು ಅದಲುಬದಲಾದದ್ದಕ್ಕೇ ಪಾರೂ, ಇವತ್ತಿಗೂ ಒಂದೇ ಕುಂಬಳದ ಬೀಜಗಳನ್ನು ಬಿತ್ತಿದರೂ ಒಂದು ಬಳ್ಳಿಯ ಕಾಯಿಯಂತೆ ಇನ್ನೊಂದರದು ಇರುವುದಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದರೂ ಅಕ್ಕನಿಗೆ ಅಪ್ಪನ ಮೂಗು ಬಂತು, ನಿನಗೆ ನನ್ನ ಈ ಮೊರದಗಲ ಕಿವಿ ಬಂತು. ತೌಡು ಕೊಟ್ಟರೆ ಇಂಥ ಕಿವಿ ಸಿಗುತ್ತಾ, ನೀನೇ ಹೇಳು.