ದರ್ಜಿಯ ಮನೆಯ ಬ್ರೆಡ್ಡು

"ಗುರುಗಳೇ, ಒಳ್ಳೆಯದು ಯಾವುದೆಂದು ನನಗೆ ಗೊತ್ತಾಗಿದೆ. ಮನೆಯವರು ಮಾತ್ರ ಒಪ್ಪುತ್ತಿಲ್ಲ. ಅವರನ್ನು ದಾರಿಗೆ ತರುವುದು ಹೇಗೆ?"

ಕೇಳಿದವನು ಹಾಲಪ್ಪ. ಹೆಂಡತಿ ಮಕ್ಕಳಿದ್ದ ಶಿಷ್ಯ. ಮೂರು ತಿಂಗಳಿಂದ ಅವನು ಮನೆಯವರ ಊಟ, ನಿದ್ದೆ, ಉಡುಗೆ ಎಲ್ಲವನ್ನೂ ಬದಲಿಸಲು ಹೊರಟಿದ್ದ. ಹೆಂಡತಿ ಅವನೊಡನೆ ಮಾತು ಬಿಟ್ಟಿದ್ದಳು.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಮನೆಯಲ್ಲಿ ಅವನ ತಾಯಿ, ಹೆಂಡತಿ, ಹತ್ತು ವರ್ಷದ ಮಗಳು. ಬೆಳಿಗ್ಗೆ ಎಲ್ಲರೂ ಅಂಗಡಿಯ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿಂದು ತಮ್ಮ ತಮ್ಮ ಕೆಲಸಕ್ಕೆ ಏಳುತ್ತಿದ್ದರು. ಮಗಳಿಗೆ ಆಗಾಗ ಹೊಟ್ಟೆನೋವು ಬರುತ್ತಿತ್ತು. ಔಷಧಿ ಕೊಟ್ಟರೆ ನಿಲ್ಲುತ್ತಿತ್ತು, ನಾಲ್ಕು ದಿನಕ್ಕೆ ಮತ್ತೆ ಬರುತ್ತಿತ್ತು.

ಒಂದು ದಿನ ದರ್ಜಿಯ ಹೆಂಡತಿ ಹೊಲಿದ ರವಿಕೆ ಕೊಡಲು ಪಕ್ಕದ ಬೀದಿಯ ಮುದುಕಿಯ ಮನೆಗೆ ಹೋದಳು. ಮುದುಕಿ ಕರಾವಳಿಯಿಂದ ಬಂದವಳು. ಆಗಷ್ಟೇ ಒಲೆಯ ಮೇಲಿನ ಮಡಕೆಯಿಂದ ಒಂದು ಬ್ರೆಡ್ಡನ್ನು ಹೊರಗೆ ತೆಗೆಯುತ್ತಿದ್ದಳು. ಮುರಿದು ಒಂದು ತುಂಡು ಕೈಗಿಟ್ಟಳು. ದರ್ಜಿಯ ಹೆಂಡತಿ ತಿಂದಳು. ಇನ್ನೊಂದು ತುಂಡನ್ನು ಕೇಳಿ ತಿಂದಳು. ರವಿಕೆಯ ಮಾತು ಮರೆತೇಹೋಯಿತು.

"ಇದಕ್ಕೆ ಏನೇನು ಹಾಕುತ್ತೀರಿ?" ಎಂದು ಕೇಳಿದಳು.

"ಗೋಧಿ ಹಿಟ್ಟು, ನೀರು, ಉಪ್ಪು. ಉಳಿದದ್ದು ಕಾಯುವುದು" ಎಂದಳು ಮುದುಕಿ. ತನ್ನ ಜಾಡಿಯಿಂದ ಬ್ರೆಡ್ಡನ್ನು ಉಬ್ಬಿಸುವ ಒಂದು ಹಿಡಿ ಹುಳಿಹಿಟ್ಟು ತೆಗೆದುಕೊಟ್ಟಳು. ದಿನವೂ ಅದಕ್ಕೆ ಒಂದು ಹಿಡಿ ಹೊಸ ಹಿಟ್ಟು, ಒಂದಿಷ್ಟು ನೀರು ಹಾಕಬೇಕು, ಇಲ್ಲದಿದ್ದರೆ ಸಾಯುತ್ತದೆ ಎಂದು ಹೇಳಿಕೊಟ್ಟಳು.

ದರ್ಜಿಯ ಹೆಂಡತಿ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡುತ್ತಲೇ ಮನೆಗೆ ಬಂದು ಒಂದು ಜಾಡಿಗೆ ಹಾಕಿದಳು. ಮೊದಲ ದಿನದ ಬ್ರೆಡ್ಡು ಕಲ್ಲಾಯಿತು. ಎರಡನೆಯ ದಿನದ್ದು ಒಳಗೆ ಹಸಿಯಾಗಿತ್ತು. ಮೂರನೆಯ ದಿನದ್ದನ್ನು ಹಸು ಕೂಡ ಮೂಸಿ ಬಿಟ್ಟಿತು. ನಾಲ್ಕನೆಯ ದಿನ ಬಟ್ಟೆ ಸರಿಸಿ ನೋಡಿದರೆ ಹಿಟ್ಟು ಬಟ್ಟಲಿನ ಅಂಚು ಮೀರಿ ಎದ್ದು ನಿಂತಿತ್ತು. ಅವಳು ಹಿಟ್ಟಿನ ಕೈಯಲ್ಲೇ ಬೀದಿ ಬದಿಯ ಹೊಲಿಗೆ ಅಂಗಡಿಗೆ ಓಡಿ ಗಂಡನ ತೋಳು ಹಿಡಿದಳು. ದರ್ಜಿ ಗಿರಾಕಿಯನ್ನು ಬಿಟ್ಟು ಎದ್ದು ಬಂದ. ಸಂಜೆ ನಾಲ್ವರೂ ಬಿಸಿ ಬ್ರೆಡ್ಡಿನ ಸುತ್ತ ಕುಳಿತರು. ಬೆಣ್ಣೆ ಸಾಲದೆ ಬೆಲ್ಲ ಹಚ್ಚಿಕೊಂಡರು. ಒಂದು ಚೂರೂ ಉಳಿಯಲಿಲ್ಲ.

ಅಂದಿನಿಂದ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಂದು ಬ್ರೆಡ್ಡು ಇಷ್ಟು ಬದಲಾಗಬಹುದಾದರೆ ಇಡೀ ಮನೆ ಏಕೆ ಬದಲಾಗಬಾರದು ಎಂದುಕೊಂಡಳು. ಒಂದೇ ವಾರದಲ್ಲಿ ಸಕ್ಕರೆ ಡಬ್ಬಿ ಹೊರಗೆ ಹೋಯಿತು. ಬಿಸ್ಕತ್ತು ನಿಂತಿತು. ಸೋಪಿನ ಜಾಗಕ್ಕೆ ಕಡಲೆಹಿಟ್ಟು ಬಂತು, ಶಾಂಪೂ ಜಾಗಕ್ಕೆ ಸೀಗೆಪುಡಿ. ಪ್ಲಾಸ್ಟಿಕ್ ಕೊಡ ಹೋಗಿ ಮಣ್ಣಿನದು ಬಂತು. ಗಂಡ ಹಲ್ಲುಜ್ಜುವ ಪೇಸ್ಟನ್ನು ಹುಡುಕಿದರೆ ಬೇವಿನ ಕಡ್ಡಿ ಸಿಕ್ಕಿತು. ಮಗಳ ಹೊಟ್ಟೆನೋವು ಅಪರೂಪವಾಯಿತು. ಅದನ್ನು ಕಂಡು ಅವಳ ಹುಮ್ಮಸ್ಸು ಇಮ್ಮಡಿಯಾಯಿತು. ಯಾರಾದರೂ ಗೊಣಗಿದರೆ, "ನಿಮ್ಮ ಒಳ್ಳೆಯದಕ್ಕೇ ಅಲ್ಲವೇ?" ಎನ್ನುತ್ತಿದ್ದಳು. ಆಮೇಲೆ ಯಾರೂ ಗೊಣಗಲಿಲ್ಲ.

ಒಂದು ಬೆಳಿಗ್ಗೆ ಅತ್ತೆ ಅಡುಗೆಮನೆಗೆ ಬಂದು, "ಇವತ್ತು ನಾನು ನಾದಲೇನೇ?" ಎಂದು ಕೇಳಿದಳು.

"ಬೇಡ ಅತ್ತೆ. ಇದಕ್ಕೊಂದು ಹದ ಇದೆ. ಬೇರೆಯವರ ಕೈ ಬಿದ್ದರೆ ಕೆಟ್ಟುಹೋಗುತ್ತದೆ."

ಐವತ್ತು ವರ್ಷ ಆ ಮನೆಯ ಹಿಟ್ಟು ನಾದಿದ್ದ ಅತ್ತೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊರಗೆ ಹೋದಳು. ಹಾಗೆಯೇ ಒಂದು ವರ್ಷ ನಡೆಯಿತು.

ಒಂದು ದಿನ ಸೊಸೆ ಹೊದಿಕೆ ಒಗೆಯಲು ತೆಗೆದಳು. ಅತ್ತೆಯ ದಿಂಬಿನ ಕೆಳಗೆ ಬಿಸ್ಕತ್ತಿನ ಪೊಟ್ಟಣ ಸಿಕ್ಕಿತು. ಮಗಳ ಶಾಲೆಯ ಚೀಲದಲ್ಲಿ ಇನ್ನೊಂದು ಇತ್ತು. ಗಂಡ ದಿನವೂ ಸಂಜೆ ಮೂಲೆಯ ಹೋಟೆಲಿನಲ್ಲಿ ಚಹಾ ಕುಡಿದು ಬನ್ನು ತಿಂದೇ ಮನೆಗೆ ಬರುತ್ತಾನೆಂದು ಮಗಳನ್ನು ಕೇಳಿದಾಗ ತಿಳಿಯಿತು. ಅವಳಿಗೆ ಕೋಪ ಬರಲಿಲ್ಲ. ಅಡುಗೆಮನೆಯಲ್ಲಿ ಕುಳಿತು ಅತ್ತಳು. ತಾನು ಯಾರಿಗಾಗಿ ಇಷ್ಟೆಲ್ಲ ಮಾಡಿದೆನೋ ಅವರೆಲ್ಲ ತನಗೆ ಹೆದರಿ ಕದ್ದು ತಿನ್ನುತ್ತಿದ್ದಾರಲ್ಲ ಎಂದು ಅತ್ತಳು.

ಆ ವಾರವೇ ಅವಳಿಗೆ ಜ್ವರ ಬಂತು. ಮೂರು ದಿನ ಏಳಲಾಗಲಿಲ್ಲ. ಜಾಡಿಗೆ ಹಿಟ್ಟು ಹಾಕುವವರಿಲ್ಲ, ಅದು ಸತ್ತಿರುತ್ತದೆ ಎಂದುಕೊಂಡಳು. ಮನೆಗೆ ಮತ್ತೆ ಅಂಗಡಿಯ ಬ್ರೆಡ್ಡು ಬಂದಿರುತ್ತದೆ ಎಂದುಕೊಂಡು ಗೋಡೆಯ ಕಡೆ ಹೊರಳಿದಳು.

ನಾಲ್ಕನೆಯ ಬೆಳಿಗ್ಗೆ ಜ್ವರ ಇಳಿಯಿತು. ಕಣ್ಣು ಬಿಡುವಾಗ ಅಡುಗೆಮನೆಯಲ್ಲಿ ಗದ್ದಲ ಕೇಳಿಸಿತು. ಅತ್ತೆ ಯಾರನ್ನೋ ಬೈಯುತ್ತಿದ್ದಳು. ಗಂಡ ಕೆಂಡ ಹೆಚ್ಚಾಯಿತೇ ಎಂದು ಕೇಳುತ್ತಿದ್ದ. ಆಗ ಮಗಳು ಕಿರುಚಿದಳು:

"ಉಬ್ಬಿದೆ! ಅಜ್ಜಿ, ಉಬ್ಬಿದೆ! ನೋಡು ಬಾ!"

ದರ್ಜಿಯ ಹೆಂಡತಿ ಗೋಡೆ ಹಿಡಿದುಕೊಂಡು ಎದ್ದು ಹೋಗಿ ಬಾಗಿಲಲ್ಲಿ ನಿಂತಳು. ಗಂಡನ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡಿತ್ತು. ಅತ್ತೆಯ ಸೀರೆಯ ತುಂಬ ಬೂದಿ. ಮೂವರೂ ಮಡಕೆಯೊಳಗೆ ಬಗ್ಗಿ ನೋಡುತ್ತಿದ್ದರು. ಜಾಡಿಗೆ ಮೂರು ದಿನವೂ ಮಗಳೇ ಹಿಟ್ಟು ಹಾಕಿದ್ದಳು. ಅಮ್ಮ ಬೇಡವೆಂದರೂ ಒಂದು ವರ್ಷ ಬಾಗಿಲ ಸಂದಿಯಿಂದ ನೋಡಿ ಎಲ್ಲವನ್ನೂ ಕಲಿತಿದ್ದಳು.

ಬ್ರೆಡ್ಡು ಒಂದು ಕಡೆಗೆ ವಾಲಿತ್ತು. ತಳ ಸೀದಿತ್ತು. ಅತ್ತೆ ಅದಕ್ಕೆ ಈರುಳ್ಳಿ, ಜೀರಿಗೆ ಹಾಕಿಬಿಟ್ಟಿದ್ದಳು. ನಾದಿದ್ದು ಕಡಿಮೆ, ಬೇಯಿಸಿದ್ದು ಹೆಚ್ಚು ಎಂದು ದರ್ಜಿಯ ಹೆಂಡತಿಗೆ ನೋಡಿದ ಕೂಡಲೇ ಗೊತ್ತಾಯಿತು. ಹೇಳಲು ಬಾಯಿ ತೆರೆದಳು. ಮೂವರೂ ತಿರುಗಿ ನೋಡಿದರು. ಅವರ ಮುಖದ ನಗು ಅಲ್ಲೇ ನಿಂತಿತು. ಅದನ್ನು ಕಂಡಾಗ ಅವಳಿಗೆ ಜ್ವರಕ್ಕಿಂತ ಹೆಚ್ಚು ನೋವಾಯಿತು.

ತೆರೆದ ಬಾಯಿಗೆ ಒಂದು ತುಂಡು ಬ್ರೆಡ್ಡು ಹಾಕಿಕೊಂಡಳು.

"ಅತ್ತೆ, ಈರುಳ್ಳಿ ಎಷ್ಟು ಹಾಕಿದಿರಿ? ನನಗೂ ಹೇಳಿಕೊಡಿ" ಎಂದಳು.

ಅತ್ತೆ ಹೇಳತೊಡಗಿದಳು. ಎಷ್ಟು ಹೊತ್ತು ಹೇಳಿದಳೆಂದರೆ ಚಹಾ ಎರಡು ಸಲ ಕುದಿಯಿತು. ನಡುವೆ ದರ್ಜಿ ತಾನು ಕೆಂಡ ಸರಿಸಿದ ಬಗೆಯನ್ನು ಮೂರು ಸಲ ವಿವರಿಸಿದ. ಮಗಳು ಮರುದಿನದ ಹಿಟ್ಟು ತನ್ನದೇ ಎಂದು ಹಟ ಹಿಡಿದಳು.

ಆಮೇಲೆ ಆ ಮನೆ ಬದಲಾಯಿತು. ದರ್ಜಿ ಮೂಲೆಯ ಹೋಟೆಲಿನ ಚಹಾ ಬಿಡಲಿಲ್ಲ, ಆದರೆ ಬನ್ನು ಬಿಟ್ಟ. ಅದು ರುಚಿಸುವುದಿಲ್ಲ ಎಂದ. ಸೀಗೆಪುಡಿಗೆ ಮೆಂತ್ಯ ಸೇರಿಸಬೇಕೆಂದು ಅತ್ತೆಯೇ ಹೇಳಿದಳು. ದಿಂಬಿನ ಕೆಳಗೆ ಯಾರೂ ಏನನ್ನೂ ಬಚ್ಚಿಡಲಿಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಹಾಲಪ್ಪನ ಮುಖ ಅರಳಿತು. "ಅಂದರೆ ಕೊನೆಗೆ ಒಳ್ಳೆಯದೇ ಗೆದ್ದಿತು, ಗುರುಗಳೇ! ನನ್ನ ಮನೆಯಲ್ಲೂ ಗೆಲ್ಲುತ್ತದೆ!"

"ಹಿಟ್ಟನ್ನು ಮನೆಯವರ ಕೈಗೆ ಬಿಡಲು ಅವಳಿಗೆ ಜ್ವರ ಬರಬೇಕಾಯಿತು. ನಿನಗೆ ಏನು ಬರಬೇಕು, ಹಾಲಪ್ಪ?"